ಚಕ್ರವಿಲ್ಲದ ಯಂತ್ರಕ್ಕೆ ನಿಂಬೆಹಣ್ಣು

ಪರೀಕ್ಷೆ ಮಾಡದೆ ಒಂದು ಬೆಂಕಿಪೊಟ್ಟಣವನ್ನೂ ನಾನು ಮನೆಗೆ ತಂದವನಲ್ಲ, ತರುವವನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ಓದಿ ನೀವು ನಗುತ್ತೀರಿ. ಧಾರಾಳವಾಗಿ ನಗಿ. ನನ್ನ ಹೆಂಡತಿ ನಕ್ಕಾಯಿತು, ಅತ್ತೆ ನಕ್ಕಾಯಿತು, ಹೊಸಕೋಟೆಯ ಅಂಗಡಿಯವನೂ ನಕ್ಕಾಯಿತು. ಆದರೂ ನನ್ನ ತತ್ವ ನನ್ನದೇ!

ಹೊಸಕೋಟೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ಇನ್ಸ್‌ಪೆಕ್ಟರ್. ಬೋಲ್ಟು ನಟ್ಟುಗಳನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ತಪ್ಪು ಹುಡುಕಿ ವಾಪಸು ಕಳಿಸುವುದೇ ನನ್ನ ಉದ್ಯೋಗ. ಅಂಬರೀಶ್ ಪಾಸು ಮಾಡಿದ ಬೋಲ್ಟು ಇದುವರೆಗೆ ಎಲ್ಲಿಯೂ ಕೈಕೊಟ್ಟಿಲ್ಲ ಎಂದು ಮ್ಯಾನೇಜರೇ ಹೇಳುತ್ತಾರೆ. ನನ್ನ ಹೆಂಡತಿ ಕವಿತ ಇದಕ್ಕೆ ಬೇರೆಯೇ ಕಾರಣ ಕೊಡುತ್ತಾಳೆ.

"ನೀವು ಪಾಸೇ ಮಾಡಲ್ವಲ್ಲ, ಕೈಕೊಡೋದು ಎಲ್ಲಿಂದ?"

ಅವಳ ಸಿಟ್ಟಿಗೆ ಹಳೆಯ ಬೇರಿದೆ. ಅವಳನ್ನು ನೋಡಲು ಹೋದಾಗ ನಾನು ಉಪ್ಪಿಟ್ಟು ತಿಂದು, ಕಾಫಿ ಕುಡಿದು, "ಯೋಚನೆ ಮಾಡಿ ಹೇಳ್ತೀನಿ" ಎಂದು ಎದ್ದು ಬಂದಿದ್ದೆ. ಆಮೇಲೆ ಒಪ್ಪಿದೆ, ಮದುವೆಯಾಯಿತು, ಸುಖವಾಗಿಯೇ ಇದ್ದೇವೆ. ಆದರೆ ಆ ಯೋಚನೆಯ ಸುದ್ದಿ ಮಾತ್ರ ನಮ್ಮ ಮನೆಯ ಪ್ರತಿ ಜಗಳಕ್ಕೂ ತಪ್ಪದೆ ಹಾಜರಾಗುತ್ತದೆ.

ಬೂದಿಗೆರೆಯ ಹೊರಗೆ ಒಂದು ಲೇಔಟಿನಲ್ಲಿ ನಮ್ಮ ಮನೆ. ಆ ಬೀದಿಯಲ್ಲಿ ಮಿಕ್ಕವರೆಲ್ಲ ಕಾಂಪೌಂಡಿನೊಳಗೆ ಅಂಗೈಯಷ್ಟು ಮಣ್ಣೂ ಕಾಣದ ಹಾಗೆ ಇಂಟರ್‌ಲಾಕ್ ಕಲ್ಲು ಹಾಸಿಕೊಂಡಿದ್ದಾರೆ. ನಾನೊಬ್ಬ ಮಾತ್ರ ಹಾಸಿಲ್ಲ. ಮನೆಯ ಪಕ್ಕದ ಜಾಗವನ್ನು ಮಣ್ಣಾಗಿಯೇ ಉಳಿಸಿಕೊಂಡು ಎರಡು ಸಾಲು ಕನಕಾಂಬರ, ಒಂದು ಸೀಬೆ, ಮೂಲೆಯಲ್ಲಿ ದೇವನಹಳ್ಳಿಯಿಂದ ತಂದ ಒಂದು ಚಕ್ಕೋತದ ಗಿಡ ಹಾಕಿದ್ದೇನೆ. ಆ ಚಕ್ಕೋತ ಈ ವರ್ಷ ಮೊದಲ ಬಾರಿಗೆ ಕಾಯಿ ಕಚ್ಚಿತು. ಪ್ರತಿದಿನ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಆ ಕಾಯನ್ನು ಅಂಗೈಯಲ್ಲಿ ಹಿಡಿದು ನೋಡಿ ಬರುತ್ತಿದ್ದೆ. ನಾನು ಮೊದಲ ನೋಟಕ್ಕೇ ಪಾಸು ಮಾಡಿದ ವಸ್ತು ಈ ಪ್ರಪಂಚದಲ್ಲಿ ಅದೊಂದೇ. ಈ ಮಾತನ್ನು ಕವಿತಳ ಎದುರು ಹೇಳುವಂತಿಲ್ಲ.

ಈ ಸಲ ಮಳೆ ಚೆನ್ನಾಗಿ ಹಿಡಿಯಿತು. ಹುಲ್ಲೂ ಹಿಡಿಯಿತು. ಒಂದು ಬೆಳಿಗ್ಗೆ ಕವಿತ ಬಟ್ಟೆಯ ಬಕೆಟ್ಟನ್ನು ಠಕ್ಕೆಂದು ಕೆಳಗಿಟ್ಟು ನನ್ನೆದುರು ನಿಂತಳು.

"ರೀ, ಬಟ್ಟೆ ಒಣಗಿಸೋಕೆ ಹೋದೆ. ಕ್ಲಿಪ್ಪು ಕೆಳಗೆ ಬಿತ್ತು. ಹುಡುಕಿದ್ರೆ ಕ್ಲಿಪ್ಪು ಸಿಗ್ಲಿಲ್ಲ, ಕೇರೆಹಾವು ಸಿಕ್ತು."

"ಕೇರೆಹಾವು ಒಳ್ಳೇದು ಕಣೆ. ಇಲಿ ಹಿಡಿಯುತ್ತೆ."

"ನಾನು ಇಲಿ ಅಲ್ಲ. ಕದಿರಮ್ಮಂಗೆ ಹೇಳ್ಲಾ? ಕುಡ್ಲು ತಗೊಂಡು ಬಂದು ಅವಳ ಹಸೂಗೆ ಕುಯ್ಕೊಂಡು ಹೋಗ್ತಾಳೆ."

ಎದುರುಮನೆಯ ಕದಿರಮ್ಮ ಒಳ್ಳೆಯ ಹೆಂಗಸು. ಆದರೆ ಹೋದ ವರ್ಷ ಹುಲ್ಲಿನ ಜೊತೆಯಲ್ಲೇ ನನ್ನ ಕನಕಾಂಬರದ ಒಂದು ಸಾಲು ಪೂರ್ತಿ ಅವಳ ಹಸುವಿನ ಹೊಟ್ಟೆ ಸೇರಿತ್ತು. ಆ ಹಸುವಿನ ಹಾಲಿನಲ್ಲಿ ಕಾಫಿ ಕುಡಿದಾಗಲೆಲ್ಲ ನನಗೆ ಆ ಹೂವಿನದೇ ನೆನಪು.

"ಬೇಡ. ನಾನೇ ಮಿಷಿನ್ ತಂದು ನಾನೇ ಹೊಡೀತೀನಿ. ಬೀದಿಯೋರೆಲ್ಲ ಬಂದು ನೋಡ್ಬೇಕು, ಹಂಗೆ."

"ತರ್ತೀರಾ? ಮಿಕ್ಸಿ ತಗೊಳ್ಳೋಕೆ ನೀವು ಯೋಚನೆ ಮಾಡ್ತಾ ಇರೋವಾಗ ನಾನು ಒರಳಲ್ಲಿ ರುಬ್ಬಿ ರುಬ್ಬಿ ಸಾಕಾಗಿದ್ದು ನೆನಪಿದೆ ತಾನೆ? ಕೇಳ್ಕೊಳ್ಳಿ. ವಿಜಯದಶಮಿ ಕಳೆಯೋದ್ರೊಳಗೆ ಈ ಹುಲ್ಲು ಇರಬಾರದು. ಇದ್ರೆ ಮಾರನೇ ದಿನಾನೇ ನನ್ನ ತಮ್ಮನ್ನ ಕರೆಸಿ ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್ ಹಾಕಿಸ್ತೀನಿ."

ಅವಳ ತಮ್ಮ ಮುನಿರಾಜ ಸಮೇತನಹಳ್ಳಿಯ ಹತ್ತಿರ ಇಂಟರ್‌ಲಾಕ್ ಕಲ್ಲಿನ ಯಾರ್ಡು ಇಟ್ಟಿದ್ದಾನೆ. ನಮ್ಮ ಬೀದಿಯ ಕಲ್ಲುಗಳೆಲ್ಲ ಅವನವೇ. ಅಕ್ಕನ ಮನೆಯೊಂದು ಮಣ್ಣಾಗಿ ಉಳಿದಿರುವುದು ಅವನಿಗೆ ಮರ್ಯಾದೆಯ ಪ್ರಶ್ನೆ. ಬಂದಾಗಲೆಲ್ಲ ಅಂಗಳವನ್ನು ಕಣ್ಣಲ್ಲೇ ಅಳೆಯುತ್ತಾನೆ. ಕವಿತ ಫೋನ್ ಮಾಡಿದಾಗ ಅವನು ಹೇಳಿದ ಮಾತು ಸ್ಪೀಕರಿನಲ್ಲಿ ನನಗೂ ಕೇಳಿಸಿತು: "ಹಾಕೋಣ ಅಕ್ಕ, ಅದಕ್ಕೇನು. ಆ ಚಕ್ಕೋತ ಮಾತ್ರ ಬುಡಸಮೇತ ತೆಗೀಬೇಕು. ಬೇರು ಕಲ್ಲನ್ನ ಎತ್ತಿಬಿಡುತ್ತೆ."

ಅಂದೇ ಶಪಥ ಮಾಡಿದೆ. ಬೂದಿಗೆರೆ ಕಂಡು ಕೇಳರಿಯದಂಥ ಹುಲ್ಲು ಹೊಡೆಯುವ ಯಂತ್ರವನ್ನು ತಂದೇ ತರುತ್ತೇನೆ, ಚಕ್ಕೋತವನ್ನು ಉಳಿಸಿಯೇ ಉಳಿಸುತ್ತೇನೆ, ಮುನಿರಾಜನ ಒಂದೇ ಒಂದು ಕಲ್ಲೂ ನನ್ನ ಗೇಟು ದಾಟುವುದಿಲ್ಲ!

ಆಯ್ಕೆ ಆರಂಭವಾಯಿತು. ಹುಲ್ಲಿನ ಯಂತ್ರಗಳಲ್ಲಿ ಜಾತಿಗಳಿವೆ ಎಂಬುದು ನನಗೆ ಮೊದಲು ತಿಳಿದಿರಲಿಲ್ಲ. ಕರೆಂಟಿನದು, ಬ್ಯಾಟರಿಯದು, ಪೆಟ್ರೋಲಿನದು. ಕರೆಂಟಿನದು ಹಗುರ, ಆದರೆ ಹಿಂದೆ ಬಾಲದಂತೆ ವೈರು. ಹುಲ್ಲಿನ ಜೊತೆ ಅದನ್ನೂ ಕತ್ತರಿಸಿಕೊಂಡರೆ ಚಕ್ಕೋತಕ್ಕಿಂತ ಮೊದಲು ನಾನೇ ಬುಡಸಮೇತ ಹೋಗುತ್ತೇನೆ. ಬ್ಯಾಟರಿಯದು ಸದ್ದಿಲ್ಲದ ಸಭ್ಯ ಯಂತ್ರ, ಆದರೆ ಕೆಲಸಕ್ಕಿಂತ ಹೆಚ್ಚು ಹೊತ್ತು ಚಾರ್ಜಿಗೆ ಕೂರುತ್ತದೆ. ಅಂಥವರನ್ನು ನಾನು ಕಾರ್ಖಾನೆಯಲ್ಲೇ ಬೇಕಾದಷ್ಟು ನೋಡಿದ್ದೇನೆ. ಪೆಟ್ರೋಲಿನದು ಬಲಶಾಲಿ, ಆದರೆ ಭಾರ. ಅದಕ್ಕೆ ಪೆಟ್ರೋಲಿನ ಜೊತೆ ಆಯಿಲನ್ನು ಹದವಾಗಿ ಬೆರೆಸಬೇಕು, ಹದ ತಪ್ಪಿದರೆ ಮುನಿಸಿಕೊಳ್ಳುತ್ತದೆ. ಊಟದ ಹೊತ್ತಿನಲ್ಲೂ ಫೋನಿನಲ್ಲಿ ಹುಲ್ಲು ಹೊಡೆಯುವವರ ವಿಡಿಯೋಗಳನ್ನೇ ನೋಡುತ್ತ ಕೂತೆ. ವಿಡಿಯೋಗಳಲ್ಲಿ ಎಲ್ಲರ ಹುಲ್ಲೂ ಹೋಯಿತು. ನನ್ನದು ಬೆಳೆಯಿತು.

ಹೊಸಕೋಟೆಯಲ್ಲಿ ಜವರಪ್ಪನವರ ಅಂಗಡಿಯಿದೆ. ಪಂಪು, ಪೈಪು, ಔಷಧಿ ಹೊಡೆಯುವ ಮಿಷಿನ್ನು, ಎಲ್ಲ ಇಟ್ಟಿದ್ದಾರೆ. ಮೊದಲ ಸಲ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹುಲ್ಲು ಎಂಥದ್ದು ಸಾರ್?"

ಇಂಥ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. ರವಿಕೆ ಬಟ್ಟೆಗೆ ಮ್ಯಾಚಿಂಗ್ ನೋಡಲು ಕವಿತ ಸೀರೆಯನ್ನೇ ಅಂಗಡಿಗೆ ಒಯ್ಯುವುದಿಲ್ಲವೇ? ನಾನೂ ಹುಲ್ಲನ್ನೇ ಒಯ್ದಿದ್ದೆ. ಪೇಪರಿನಲ್ಲಿ ಸುತ್ತಿದ್ದ ಒಂದು ಹಿಡಿ ಹುಲ್ಲನ್ನು ಅವರ ಮೇಜಿನ ಮೇಲೆ ಹರಡಿದೆ. ಜವರಪ್ಪ ಒಂದು ಎಸಳನ್ನು ಎತ್ತಿ, ನನ್ನ ಮುಖ ನೋಡಿ, ಮತ್ತೆ ಎಸಳನ್ನು ನೋಡಿದರು.

"ಮೆತ್ತಗಿದೆ. ಕರೆಂಟಿಂದು ಸಾಕು ಸಾರ್. ಕಟ್ಟಿಕೊಡ್ಲಾ?"

"ಯೋಚನೆ ಮಾಡಿ ಹೇಳ್ತೀನಿ" ಎಂದು ಎದ್ದು ಬಂದೆ.

ಯೋಚನೆ ಮಾಡಿ, ಕರೆಂಟಿನದೇ ಸರಿ ಎಂದು ತೀರ್ಮಾನಿಸಿ, ಹೊಸ ಸ್ಯಾಂಪಲ್ ಹಿಡಿದು ಎರಡನೇ ಸಲ ಹೋಗುವಷ್ಟರಲ್ಲಿ ಮಳೆ ತನ್ನ ಕೆಲಸ ಮಾಡಿತ್ತು. ಜವರಪ್ಪ ಹುಲ್ಲನ್ನು ಬಗ್ಗಿಸಿ ನೋಡಿದರು. ಅದು ಬಗ್ಗಲಿಲ್ಲ.

"ಕರೆಂಟಿಂದು ಇದಕ್ಕೆ ತಡೆಯಲ್ಲ. ಬ್ಯಾಟರಿದು ತಗೊಳ್ಳಿ, ದೊಡ್ಡದು."

ನಾನು ಬ್ಯಾಟರಿಯದರ ಹಿಡಿಕೆ ಪರೀಕ್ಷಿಸಿದೆ, ಸ್ಕ್ರೂ ಪರೀಕ್ಷಿಸಿದೆ, ಡಬ್ಬಿಯ ಮೇಲಿನ ಚಿತ್ರಕ್ಕೂ ಒಳಗಿನ ಯಂತ್ರಕ್ಕೂ ಬಣ್ಣದಲ್ಲಿ ವ್ಯತ್ಯಾಸವಿರುವುದನ್ನು ಕಂಡುಹಿಡಿದೆ. ಬೇರೆ ಪೀಸು ತರಿಸಿ ಎಂದು ಹೇಳಿ ಬಂದೆ. ಅದು ಬರುವಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಮುಗಿದು ನವರಾತ್ರಿ ಶುರುವಾಯಿತು. ಮೂರನೇ ಸಲ ಸ್ಯಾಂಪಲ್ ಪೇಪರಿನಲ್ಲಿ ಹಿಡಿಸಲಿಲ್ಲ. ಹಗ್ಗ ಕಟ್ಟಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದೆ. ದಾರಿಯಲ್ಲಿ ಒಬ್ಬರು, "ಎಷ್ಟು ಹಸು ಕಟ್ಟಿದೀರಾ ಸಾರ್?" ಎಂದು ವಿಶ್ವಾಸದಿಂದ ಕೇಳಿದರು. ಜವರಪ್ಪ ಆ ಕಂತೆಯನ್ನು ನೋಡಿ ಕನ್ನಡಕ ತೆಗೆದಿಟ್ಟರು.

"ಸಾರ್, ಮೊದಲನೇ ಸಲ ತಂದಿದ್ದು ಹುಲ್ಲು. ಇದು ಬೆಳೆ. ಪೆಟ್ರೋಲಿಂದು ಬಿಟ್ರೆ ಬೇರೆ ದಾರಿ ಇಲ್ಲ. ಇವತ್ತೇ ತಗೊಂಡ್ಹೋಗಿ. ಇನ್ನೂ ಯೋಚನೆ ಮಾಡಿದ್ರೆ ಆಮೇಲೆ ನನ್ನ ಹತ್ರ ಬರಬೇಡಿ, ಜೇಸಿಬಿಯೋರ ಹತ್ರ ಹೋಗಿ."

ಬೇರೆ ಯಾರಾದರೂ ಆಗಿದ್ದರೆ ಅವಮಾನವಾಯಿತೆಂದು ತಲೆತಗ್ಗಿಸುತ್ತಿದ್ದರು. ನಾನು ತಗ್ಗಿಸಲಿಲ್ಲ. ಇದ್ದುದರಲ್ಲೇ ದೊಡ್ಡ ಪೆಟ್ರೋಲ್ ಯಂತ್ರವನ್ನು ಆರಿಸಿದೆ. ಉದ್ದನೆಯ ಕೊಳವೆ, ಒಂದು ತುದಿಯಲ್ಲಿ ಎಂಜಿನ್ನು, ಇನ್ನೊಂದು ತುದಿಯಲ್ಲಿ ಗರಗರನೆ ತಿರುಗುವ ತಲೆ, ಆ ತಲೆಯಿಂದ ಮೀಸೆಯಂತೆ ಹೊರಗೆ ಚಾಚಿದ ನೈಲಾನ್ ದಾರ. ಆ ದಾರ ತಿರುಗಿ ಬೀಸಿದರೆ ಎದುರಿಗೆ ಏನಿದ್ದರೂ ಹಾರಿಹೋಗಬೇಕು ಎಂದು ಜವರಪ್ಪ ಹೇಳಿದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಯಂತ್ರ ಮನೆಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಸಂಜೆ ಇನ್ನೂ ಬೆಳಕಿತ್ತು. ಪ್ಯಾಂಟು ಮಡಚಿ, ಯಂತ್ರವನ್ನು ಹೆಗಲಿಗೆ ಏರಿಸಿಕೊಂಡು ತೋಟಕ್ಕೆ ಇಳಿಯಬೇಕು, ಅಷ್ಟರಲ್ಲಿ ಬಾಗಿಲಲ್ಲಿ ನಮ್ಮ ಅತ್ತೆ ಅಮ್ಮಯಮ್ಮ ಪ್ರತ್ಯಕ್ಷವಾದರು. ಹಬ್ಬಕ್ಕೆಂದು ಸಮೇತನಹಳ್ಳಿಯಿಂದ ಬಂದಿದ್ದರು.

"ಅಳಿಯಂದ್ರೇ, ಅದನ್ನ ಕೆಳೀಕಿಡಿ. ನಾಳೆ ಆಯುಧಪೂಜೆ ಮಡಿಕ್ಕೊಂಡು ಇವತ್ತು ಹೊಸ ಮಿಷಿನ್ನು ಓಡಿಸ್ತಾರಾ? ಪೂಜೆ ಆಗ್ದೆ ಅದರ ಕೈಲಿ ಹುಲ್ಲೂ ಕುಯ್ಯಂಗಿಲ್ಲ, ಏನೂ ಕುಯ್ಯಂಗಿಲ್ಲ."

ಅತ್ತೆಯ ಮಾತನ್ನು ನಾನು ಮೀರುವುದಿಲ್ಲ. "ಯೋಚನೆ ಮಾಡಿ ಹೇಳ್ತೀನಿ" ಎಂದಿದ್ದ ಅಳಿಯನಿಗೆ ಹೆಣ್ಣು ಕೊಟ್ಟವರು ಅವರು. ಯಂತ್ರ ಕೆಳಗಿಳಿಯಿತು. ಪರವಾಗಿಲ್ಲ, ಬೆಳಿಗ್ಗೆ ಪೂಜೆ, ಮಧ್ಯಾಹ್ನದೊಳಗೆ ಹುಲ್ಲು ಚೊಕ್ಕ, ಇನ್ನೂ ಒಂದು ದಿನ ಕೈಯಲ್ಲಿ ಇದ್ದೇ ಇರುತ್ತದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮುನಿರಾಜ ಬಂದ. ಬರಿಗೈಯಲ್ಲಿ ಬರಲಿಲ್ಲ, ಹೊಸ ಬಿಳಿ ಕಾರಿನಲ್ಲಿ ಬಂದ. ಅಕ್ಕನ ಮನೆಯ ಮುಂದೆಯೇ ಕಾರಿಗೆ ಮೊದಲ ಆಯುಧಪೂಜೆ ಮಾಡಿಸಬೇಕೆಂದು ಆಸೆಯಂತೆ. ಕಾರಿನ ಡಿಕ್ಕಿಯಲ್ಲಿ ಬೂದುಗುಂಬಳಕಾಯಿ, ಬಾಳೆಕಂದು, ಸೇವಂತಿಗೆ ಹಾರ. ಅವುಗಳ ಪಕ್ಕದಲ್ಲಿ ಕೆಂಪು, ಬೂದಿ, ಹಳದಿ ಬಣ್ಣದ ಇಂಟರ್‌ಲಾಕ್ ಕಲ್ಲಿನ ಸ್ಯಾಂಪಲ್ಲುಗಳು.

"ಭಾವ, ಯಾವ ಕಲರ್ ಹಾಕೋಣ?" ಎಂದು ನಗುತ್ತ ಕೇಳಿದ.

"ಮಧ್ಯಾಹ್ನ ನೋಡು, ಹಸಿರು ಕಲರ್ ಹೆಂಗೆ ಚೊಕ್ಕವಾಗಿರುತ್ತೆ ಅಂತ" ಎಂದೆ.

"ನೋಡೋಣ, ನೋಡೋಣ" ಎಂದು ಅವನು ಚಕ್ಕೋತದ ಕಡೆ ತಿರುಗಿ ಅದರ ಬುಡವನ್ನು ಅಳೆಯುವಂತೆ ನೋಡಿದ. ನನ್ನ ರಕ್ತ ಕುದಿಯಿತು.

ಅತ್ತೆ ಕಾರಿಗೂ ಯಂತ್ರಕ್ಕೂ ಒಟ್ಟಿಗೆ ಪೂಜೆ ನಡೆಸಿದರು. ಎರಡಕ್ಕೂ ವಿಭೂತಿ, ಅರಿಶಿನ, ಕುಂಕುಮ, ಹಾರ. ಕಾರಿನ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟದ್ದೂ ಆಯಿತು. ಗಾಡಿ ಅವನ್ನು ಅಪ್ಪಚ್ಚಿ ಮಾಡಿಕೊಂಡು ಮುಂದೆ ಹೊರಡಬೇಕು, ಆಗಲೇ ದೃಷ್ಟಿ ಕಳೆಯುವುದು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ನನ್ನ ಯಂತ್ರದ ಮುಂದೆ ಬಂದಾಗ ಅತ್ತೆಯ ಕೈ ಗಾಳಿಯಲ್ಲೇ ನಿಂತಿತು.

"ಇದಕ್ಕೆ ಚಕ್ರ ಎಲ್ಲೈತೆ?"

ನಾವೆಲ್ಲ ಯಂತ್ರವನ್ನು ಸುತ್ತುವರಿದು ನೋಡಿದೆವು. ಚಕ್ರ ಇರಲಿಲ್ಲ.

"ಬಿಡಮ್ಮ, ಪಕ್ಕದಲ್ಲಿ ಸುಮ್ನೆ ಇಟ್ಬಿಡು" ಎಂದಳು ಕವಿತ.

"ಸುಮ್ನೆ ಇಟ್ರೆ ಅದು ನಿಂಬೆಹಣ್ಣು ಆಯ್ತದೆ, ದೃಷ್ಟಿ ತೆಗೆದಂಗೆ ಆಗಲ್ಲ. ತುಳೀಬೇಕು. ಓಡೋದು ಯಾವ ಭಾಗವೋ ಅದರ ಕೆಳಗೆ ಇಡಬೇಕು."

ಯಂತ್ರದ ವಿಷಯದಲ್ಲಿ ತೀರ್ಪು ಕೊಡಬಲ್ಲವನು ಅಲ್ಲಿ ನಾನೊಬ್ಬನೇ. ಗಂಭೀರವಾಗಿ ಮುಂದೆ ಬಂದು, ನೈಲಾನ್ ದಾರದ ತಲೆಯನ್ನು ತೋರಿಸಿ, "ಇದರಲ್ಲಿ ತಿರುಗೋದು ಇದೊಂದೇ ಅತ್ತೆ. ಚಕ್ರಕ್ಕೆ ಸಮ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ತಟ್ಟೆಯಲ್ಲಿ ಉಳಿದಿದ್ದ ನಿಂಬೆಹಣ್ಣುಗಳ ಗುಣಮಟ್ಟವನ್ನೂ ಪರೀಕ್ಷಿಸಿದೆ. ಒಂದು ಮೆತ್ತಗಿತ್ತು, ರಿಜೆಕ್ಟ್. ಒಂದರ ಮೇಲೆ ಕಪ್ಪು ಚುಕ್ಕೆ ಇತ್ತು, ರಿಜೆಕ್ಟ್. ಕೊನೆಗೆ ಎಲ್ಲಕ್ಕಿಂತ ಗುಂಡಗೆ, ಎಲ್ಲಕ್ಕಿಂತ ಗಟ್ಟಿಯಾಗಿ, ಇನ್ನೂ ಸರಿಯಾಗಿ ಹಣ್ಣೂ ಆಗಿರದ ಒಂದನ್ನು ಪಾಸು ಮಾಡಿ ನನ್ನ ಕೈಯಾರೆ ಯಂತ್ರದ ತಲೆಯ ಬಳಿ ಇಟ್ಟೆ.

ತೆರೆದ ಗೇಟಿನ ಹೊರಗೆ ಮುನಿರಾಜ ಕಾರಿನ ಮೂತಿಯ ಮುಂದೆ ನಿಂತಿದ್ದ. ಕುಂಬಳಕಾಯಿಗೆ ತೂತು ಕೊರೆದು ಕುಂಕುಮ ಕಲಸಿದ ನೀರನ್ನೂ ಚಿಲ್ಲರೆ ಕಾಸನ್ನೂ ಒಳಗೆ ತುಂಬಿದ್ದರು. ಮೇಲೆ ಕರ್ಪೂರ ಉರಿಯುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ತಲೆಯ ಮಟ್ಟಕ್ಕೆ ಎತ್ತಿಹಿಡಿದು, ನನಗೆ ಬೆನ್ನು ಮಾಡಿ, ಭಕ್ತಿಯಿಂದ ಕಾರಿಗೆ ನಿವಾಳಿಸುತ್ತಿದ್ದ. ಕದಿರಮ್ಮ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಹಗ್ಗ ಎಳೆದೆ. ಎಂಜಿನ್ನು ಮೊದಲ ಏಟಿಗೇ ಹೊತ್ತಿಕೊಂಡಿತು. ಏನು ಸದ್ದು! ಏನು ಗತ್ತು! ಒಮ್ಮೆ ಬೀದಿಯ ಕಡೆ ನೋಡಿ, ಎದೆಯುಬ್ಬಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ.

ನಿಂಬೆಹಣ್ಣು ಅಪ್ಪಚ್ಚಿಯಾಗಲಿಲ್ಲ. ನಾನು ಪಾಸು ಮಾಡಿದ ಮಾಲು ಅಷ್ಟು ಸುಲಭವಾಗಿ ಅಪ್ಪಚ್ಚಿಯಾಗುವುದಿಲ್ಲ. ಅದು ಎಲ್ಲಿ ಹೋಯಿತೆಂದೇ ನನಗೆ ಕಾಣಲಿಲ್ಲ. ಕಂಡದ್ದು ಇಷ್ಟೇ: ಮುನಿರಾಜ ಇದ್ದಕ್ಕಿದ್ದಂತೆ ಮೊಣಕಾಲು ಮಡಚಿದ, ಎರಡೂ ಕೈಗಳನ್ನು ಹಿಂದಕ್ಕೆ ತೆಗೆದು ತೊಡೆ ಹಿಡಿದುಕೊಂಡ. ಕೈಗಳು ಹಿಂದಕ್ಕೆ ಬಂದ ಮೇಲೆ ಕುಂಬಳಕಾಯಿ ಮೇಲೇ ನಿಲ್ಲುವುದಕ್ಕೆ ಸಾಧ್ಯವೇ? ಅದು ಹೊಸ ಕಾರಿನ ಬಾನೆಟ್ಟಿನ ನಟ್ಟನಡುವೆ ಇಳಿಯಿತು.

ಎಂಜಿನ್ನಿನ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ಎಲ್ಲರ ಬಾಯಿಯೂ ಅಲ್ಲಾಡುತ್ತಿತ್ತು. ಹೊಸ ಯಂತ್ರವನ್ನು ಮೆಚ್ಚಿ ಏನೋ ಹೇಳುತ್ತಿದ್ದಾರೆಂದು ತಿಳಿದು ಇನ್ನೊಮ್ಮೆ ಒತ್ತಿದೆ. ಅತ್ತೆ ಎರಡು ಕೈಯನ್ನೂ ಜೋರಾಗಿ ಬೀಸಿದರು. ಅದು ಆಶೀರ್ವಾದವಲ್ಲ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸದ್ದು ನಿಂತಾಗ ಬಿಳಿ ಕಾರಿನ ಮೂತಿಯಿಂದ ಕುಂಕುಮದ ನೀರು ಧಾರೆಯಾಗಿ ಇಳಿಯುತ್ತಿತ್ತು, ಬಾನೆಟ್ಟಿನಲ್ಲಿ ರಾಗಿಮುದ್ದೆ ಇಡುವಷ್ಟು ಅಗಲದ ಗುಳಿ ಬಿದ್ದಿತ್ತು.

"ಭಾವ!"

"ನಿಂಬೆಹಣ್ಣಿನ ಕ್ವಾಲಿಟಿ ಚೆನ್ನಾಗಿತ್ತು" ಎಂದೆ.

"ದೃಷ್ಟಿ ಹೋಯ್ತು ಬಿಡೋ" ಎಂದರು ಅತ್ತೆ, ಮಗನ ತೊಡೆ ನೋಡುತ್ತ. "ಇನ್ನು ಆ ಕಾರನ್ನ ನೋಡಿ ಯಾರು ಹೊಟ್ಟೆ ಉರ್ಕೋತಾರೆ?"

ಕವಿತ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನಗುವೋ ಅಳುವೋ ತಿಳಿಯಲಿಲ್ಲ. ಮುನಿರಾಜ ಮಾತ್ರ ಕುಂಟುತ್ತ ಗೇಟಿನ ಮಧ್ಯೆ ಬಂದು ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದ.

"ಅಕ್ಕ, ಕೇಳಿಸ್ಕೋ! ಈ ಮನೆ ಅಂಗಳಕ್ಕೆ ನನ್ನ ಒಂದು ಕಲ್ಲು ಹಾಕಿದ್ರೆ ನಾನು ಮುನಿರಾಜ ಅಲ್ಲ. ದುಡ್ಡು ಕೊಟ್ರೂ ಹಾಕಲ್ಲ. ಬೇರೆ ಯಾವನ ಕೈಲಾದ್ರೂ ಹಾಕ್ಸಿದ್ಯೋ, ಈ ಮನೆ ಹೊಸಲು ತುಳಿಯಲ್ಲ!"

ಓದುಗರೇ, ಇದಲ್ಲವೇ ವಿಜಯ? ದಶಮಿಗೆ ಇನ್ನೂ ಒಂದು ದಿನವಿತ್ತು, ನನಗೆ ನವಮಿಯಲ್ಲೇ ದಕ್ಕಿತು! ಅರ್ಜುನ ಗುರಿಯಿಟ್ಟು ಹೊಡೆದ; ನಾನು ಗುರಿಯಿಡದೆ ಹೊಡೆದು ಒಂದೇ ನಿಂಬೆಹಣ್ಣಿನಲ್ಲಿ ಚಕ್ಕೋತವನ್ನು ಉಳಿಸಿದ್ದೆ. ಮುಖದಲ್ಲಿ ದುಃಖ ತಂದುಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಅಪಶಕುನವಾಯಿತೆಂದು ಅತ್ತೆ ಯಂತ್ರವನ್ನು ಮೂಲೆಗೆ ಇಡಿಸಿದರು. ಇಡಲಿ, ನನಗೇನು ಅವಸರ? ಕಲ್ಲಿನ ಭಯವೇ ಇಲ್ಲದ ಮೇಲೆ ಹುಲ್ಲಿನ ಭಯ ಯಾಕೆ?

ಹಬ್ಬ ಕಳೆದು ಕೆಲವು ದಿನಗಳಾದ ಮೇಲೆ ಮುನಿರಾಜನ ಫೋನ್ ಬಂತು. ಸಿಟ್ಟಿನ ದನಿಯಲ್ಲ, ಮೆತ್ತನೆಯ ದನಿ. ಮೆತ್ತಗಿದ್ದ ಆ ದನಿಯನ್ನು ಅಲ್ಲೇ ರಿಜೆಕ್ಟ್ ಮಾಡಬೇಕಿತ್ತು.

"ಭಾವ, ಬಾನೆಟ್ ವಿಷಯ ಮರೆತುಬಿಡೋಣ. ಭಾನುವಾರ ಯಾರ್ಡಿಗೆ ಬನ್ನಿ, ಒಂದು ಚಿಕ್ಕ ಕೆಲಸ ಇದೆ. ಬರ್ತಾ ನಿಮ್ಮ ಮಿಷಿನ್ನೂ ತನ್ನಿ."

ಮನೆಯ ಹುಲ್ಲು ಹಾಗೇ ನಿಂತಿರುವಾಗ ಯಂತ್ರ ಹೊರಗೆ ಹೊರಟರೆ ಕವಿತಳಿಗೆ ಏನು ಹೇಳುವುದು? "ನಿನ್ನ ತಮ್ಮ ಕಲ್ಲಿನ ಕ್ವಾಲಿಟಿ ನೋಡಿಕೊಡಿ ಅಂತ ಕೇಳ್ಕೊಂಡಿದಾನೆ. ಇಲ್ಲ ಅನ್ನೋಕಾಗುತ್ತಾ?" ಎಂದೆ.

"ಅದಕ್ಕೆ ಮಿಷಿನ್ ಯಾಕೆ?"

"ನಿಂಬೆಹಣ್ಣಿನ ಹುಳಿ ಒಳಗೆ ಇಳಿದಿದೆ. ಹೋಗ್ತಾ ಸರ್ವಿಸಿಗೆ ಕೊಟ್ಟು ಹೋಗ್ತೀನಿ."

"ಓಹೋ" ಎಂದಳು. ಅಷ್ಟೇ.

ಸಮೇತನಹಳ್ಳಿಯ ಯಾರ್ಡಿಗೆ ಹೋಗಿ ನೋಡಿದರೆ, ಗಿರಾಕಿಗಳಿಗೆ ತೋರಿಸಲೆಂದು ಮುನಿರಾಜ ನೆಲದ ತುಂಬ ಹಾಸಿದ್ದ ಸ್ಯಾಂಪಲ್ ಇಂಟರ್‌ಲಾಕ್. ಕೆಂಪು ಕಲ್ಲು, ಬೂದಿ ಕಲ್ಲು, ಹಳದಿ ಕಲ್ಲು. ಕಲ್ಲು ಕಲ್ಲಿನ ನಡುವೆ, ಪ್ರತಿಯೊಂದು ಸಂದಿಯಲ್ಲೂ, ದಷ್ಟಪುಷ್ಟವಾಗಿ ಹುಲ್ಲು! ನನ್ನ ತೋಟದ ಹುಲ್ಲಾದರೂ ಹೇಳಿದಂತೆ ಕೇಳುವ ಬಡಪಾಯಿ. ಇದು ಕಲ್ಲನ್ನೇ ಓರೆ ಮಾಡಿಕೊಂಡು ಎದ್ದಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ನಕ್ಕು ಕಲ್ಲಿನ ರಾಶಿಯ ಮೇಲೆ ಕೂತೆ.

"ಇದನ್ನೇನೋ ನೀನು ನಮ್ಮನೇಲಿ ಹಾಕೋಕೆ ಹೊರಟಿದ್ದು? ಇರು, ನಿಮ್ಮಕ್ಕಂಗೆ ಒಂದು ಫೋಟೋ ಕಳಿಸ್ತೀನಿ."

ಮುನಿರಾಜ ನನ್ನ ಪಕ್ಕದಲ್ಲಿ ಬಂದು ಕೂತ.

"ಕಳಿಸಿ ಭಾವ. ಆದ್ರೆ ನಾನು ಆಣೆ ಇಟ್ಟಿದ್ದು ಕಲ್ಲಿನ ಮೇಲೆ, ಕಾಂಕ್ರೀಟ್ ಮೇಲೆ ಅಲ್ಲ. ಕಲ್ಲು ಬೇಡ ಅಕ್ಕ, ಕಾಂಕ್ರೀಟೇ ಹಾಕೋಣ ಅಂದ್ರೆ ಇವತ್ತೇ ಹೂಂ ಅಂತಾಳೆ. ಕಾಂಕ್ರೀಟಿಗೆ ಸಂದೀನೂ ಇರಲ್ಲ." ಅವನು ನನ್ನ ಹೆಗಲ ಮೇಲೆ ಕೈಯಿಟ್ಟ. "ಗಿರಾಕಿಗಳು ಬರೋದು ಭಾನುವಾರಾನೇ. ಅವರು ಬರೋದ್ರೊಳಗೆ ಇದೆಲ್ಲ ಚೊಕ್ಕ ಇರಬೇಕು. ಪ್ರತಿ ವಾರ ಬನ್ನಿ. ನಿಮ್ಮ ಚಕ್ಕೋತದ ಜವಾಬ್ದಾರಿ ನಂದು."

ಅಂದಿನಿಂದ ನನ್ನ ಭಾನುವಾರಗಳು ಸಮೇತನಹಳ್ಳಿಗೆ ಸಂದವು. ಯಂತ್ರ ಅಲ್ಲೇ ಉಳಿಯಿತು. ನಾನು ಬಗ್ಗಿದೆನೆಂದು ಯಾರೂ ತಿಳಿಯಬೇಡಿ. ಬಗ್ಗಿದ್ದು ಸೊಂಟ ಮಾತ್ರ. ಸಂದಿಯ ಹುಲ್ಲನ್ನು ಕಲ್ಲಿಗೆ ಗೀರು ಬೀಳದಂತೆ ಹೊಡೆಯುವ ಒಂದು ವಿಶೇಷ ಪಟ್ಟನ್ನೂ ಕಂಡುಹಿಡಿದೆ. ಮನೆಯಲ್ಲಿ ಚಕ್ಕೋತ ಕಾಯಿ ದಪ್ಪವಾಗುತ್ತಿತ್ತು. ಅದರ ಬುಡ ಮಾತ್ರ ಹುಲ್ಲಿನಲ್ಲಿ ಕಾಣುತ್ತಿರಲಿಲ್ಲ. ಕವಿತ ಆ ಹುಲ್ಲಿನ ವಿಷಯವನ್ನೇ ಎತ್ತುತ್ತಿರಲಿಲ್ಲ, ಅದೇ ನನಗೆ ಒಳಗೊಳಗೇ ಭಯ.

ಹೋದ ಭಾನುವಾರ ಗಿರಾಕಿಯೊಬ್ಬರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟರು. ದೇವನಹಳ್ಳಿ ಕಡೆ ಮನೆ ಕಟ್ಟಿಸುತ್ತಿರುವ ದೊಡ್ಡ ಮನುಷ್ಯರು. ಮುನಿರಾಜ ಕಣ್ಸನ್ನೆ ಮಾಡಿದ. ನಾನು ಎಂಜಿನ್ ಆರಿಸಿ, ಯಂತ್ರದ ಸಮೇತ ಕಲ್ಲಿನ ಅಟ್ಟಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತೆ.

"ಸಂದೀಲಿ ಹುಲ್ಲು ಬರಲ್ಲ ತಾನೆ?" ಎಂದು ಗಿರಾಕಿ ಕೇಳುವುದು ಕೇಳಿಸಿತು.

"ಎಲ್ಲಿ ಸಾರ್, ನೀವೇ ನೋಡಿ. ಹಾಕಿ ವರ್ಷದ ಮೇಲಾಯ್ತು. ಒಂದು ಎಸಳು ತೋರಿಸಿ, ನಿಮಗೆ ಕಲ್ಲು ಪುಕ್ಕಟೆ."

ಗಿರಾಕಿ ಮೆಚ್ಚಿ ತಲೆಯಾಡಿಸಿ, ಸುತ್ತು ಹಾಕಿ ನೋಡುತ್ತ ಸೀದಾ ನನ್ನ ಬಳಿಗೇ ಬಂದರು. ನನ್ನ ಕೈಯಲ್ಲಿ ಯಂತ್ರ, ತಲೆಗೆ ಟವೆಲ್ಲು, ಮೈಯೆಲ್ಲ ಹುಲ್ಲಿನ ಚೂರು.

"ಇವರು ಯಾರು?"

"ನಮ್ಮ ಕ್ವಾಲಿಟಿ ಇನ್ಸ್‌ಪೆಕ್ಟರ್ ಸಾರ್" ಎಂದ ಮುನಿರಾಜ, ರೆಪ್ಪೆಯನ್ನೂ ಬಡಿಯದೆ.

"ಏನ್ರೀ, ನಿಜ ಹೇಳಿ. ಹುಲ್ಲು ಬರುತ್ತಾ?"

ಸತ್ಯ ನನ್ನ ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಚಕ್ಕೋತವೂ ಬಂತು.

"ನಾನು ಇರೋವರೆಗೂ ಬರಲ್ಲ ಸಾರ್" ಎಂದೆ. ಅದು ಸುಳ್ಳಲ್ಲ, ಗಮನಿಸಿ!

ಆರ್ಡರ್ ಕೊಟ್ಟು ಅವರು ಅತ್ತ ಹೋದರು, ಇತ್ತ ಕವಿತಳ ಫೋನ್ ಬಂತು.

"ರೀ, ಯಾರ್ಡಲ್ಲಿ ಇದೀರಾ? ಅಲ್ಲಿ ಯಾರೋ ಹುಲ್ಲು ಹೊಡಿಯೋನು ಬರ್ತಾನಂತಲ್ಲ. ಅಮ್ಮ ಹೇಳಿದ್ರು. ಮಾತಿಲ್ಲ ಕತೆಯಿಲ್ಲ, ತಲೆಗೆ ಟವೆಲ್ ಕಟ್ಕೊಂಡು ಬಗ್ಗಿದೋನು ಏಳಲ್ವಂತೆ. ನೀವೇ ಕ್ವಾಲಿಟಿ ನೋಡೋರು. ಹೆಂಗೆ ಅವನ ಕೆಲಸ?"



"ಕೆಲಸ... ಪರವಾಗಿಲ್ಲ. ಅಚ್ಚುಕಟ್ಟಾಗಿ ಮಾಡ್ತಾನೆ. ಆದ್ರೆ ಪಾಪ, ಭಾನುವಾರ ಬಿಡುವಿಲ್ಲ ಅವನಿಗೆ."

"ಇದೆ ಕಣ್ರೀ. ಮುನಿರಾಜನ್ನ ಕೇಳಿದೀನಿ. ಮಧ್ಯಾಹ್ನದ ಮೇಲೆ ಬಿಟ್ಟುಕೊಡ್ತಾನಂತೆ. ನಿಮ್ಮ ಸ್ಕೂಟರಲ್ಲೇ ಕರ್ಕೊಂಡು ಬನ್ನಿ, ಮಿಷಿನ್ನೂ ತರೋಕೆ ಹೇಳಿ."

"ಅವನು... ಯೋಚನೆ ಮಾಡಿ ಹೇಳ್ತೀನಿ ಅಂತಾನೆ ಕವಿತಾ."

"ಮಾಡ್ಲಿ, ಧಾರಾಳವಾಗಿ ಮಾಡ್ಲಿ. ಕೋಳಿ ಸಾರು, ಮುದ್ದೆ ಮಾಡಿದೀನಿ. ಊಟ ಮಾತ್ರ ಹುಲ್ಲು ಹೊಡೆದಾದ ಮೇಲೆ ಅಂತ ಅವನಿಗೆ ಈಗಲೇ ಹೇಳಿಬಿಡಿ."